ಐದರ ಬ್ಯಾಂಡಿನಲ್ಲಿ ನಿಂತವನು

ನಗಬೇಡಿ. ದೆವ್ವದ ವೇಷ ಹಾಕಿ ಅರ್ಧ ವಿಜಯಪುರವನ್ನು ಓಡಿಸಿದ ಮುದುಕ ನಾನೇ, ಒಪ್ಪಿದೆ. ನನ್ನಷ್ಟು ಚೆಂದ ಹೆದರಿಸುವವರು ಈ ಜಿಲ್ಲೆಯಲ್ಲೇ ಇಲ್ಲ. ಆದರೆ ಇದು ನನ್ನ ಆಟವಲ್ಲ... ನಡೆದದ್ದು.

ನಾನು, ನನ್ನ ಜೋಡಿ ಮಹಿಬೂಬ, ಇಬ್ಬರೂ ತಲೆ ನೆರೆತವರು. ಇಟ್ಟಂಗಿಹಾಳದ ಆಚೆ ಒಂದು ಒಣದ್ರಾಕ್ಷಿ ಶೆಡ್ಡಿನ ಕಂಬಕ್ಕೆ ವೈಫೈ ಡಬ್ಬಿ ಕೂರಿಸಿದ್ದೆವು. ಆಂಟೆನಾ ಒಂದೇ, ಬ್ಯಾಂಡು ಎರಡು. ಎರಡು ಪಾಯಿಂಟ್ ನಾಲ್ಕರದ್ದು ನಿಧಾನ, ಆದರೆ ಗಿಡಗಂಟಿ ದಾಟಿ ದೂರ ಹೋಗುತ್ತದೆ. ಐದರದ್ದು ಭಾರೀ ಓಟಗಾರ, ನಾಲ್ಕು ಎಲೆ ಅಡ್ಡ ಬಂದರೂ ಸುಸ್ತು.

ಸಿಗ್ನಲ್ ಎಲ್ಲಿಯವರೆಗೆ ಸಿಗುತ್ತದೆಂದು ನೋಡಲು ಮಹಿಬೂಬ ಫೋನು ಹಿಡಿದು ತೋಟದೊಳಗೆ ನಡೆದ. ನಾನು ಕಂಬದ ಬುಡದಲ್ಲಿ ನಿಂತು, ಡಬ್ಬಿಗೆ ಯಾರ್ಯಾರ ಫೋನು ಸೇರಿವೆ ಎಂದು ತೋರಿಸುವ ಪಟ್ಟಿಯನ್ನು ನನ್ನ ಫೋನಿನಲ್ಲಿ ತೆರೆದು ಅವನ ಹೆಸರು ನೋಡುತ್ತಿದ್ದೆ. ಐದರಿಂದ ಎರಡು ಪಾಯಿಂಟ್ ನಾಲ್ಕಕ್ಕೆ ಇಳಿಯಿತು... ಆಮೇಲೆ ಹೆಸರೇ ಮಾಯ.

ಕತ್ತಲಾಯಿತು. ಅವನು ಬರಲಿಲ್ಲ. ಫೋನು ಹಚ್ಚೋಣವೆಂದರೆ ಅಲ್ಲಿ ಟವರ್ ಸಿಗುವುದಿಲ್ಲ. ಹೊಲದ ತುಂಬ ಕಟ್ಟೆಯಿಲ್ಲದ ಹಾಳು ಬಾವಿಗಳು.

"ಮೈಬ್ಯಾ... ಲೇ ಮೈಬ್ಯಾ..."

ಗಂಟಲು ಹರಿಯಿತು. ಸಾಲುಸಾಲು ಹುಡುಕಿದೆ. ಅವನ ಹೆಂಡತಿಗೆ ಯಾವ ಮುಖ ತೋರಿಸಲಿ ಎಂದು ಅಳುತ್ತ ಕಂಬಕ್ಕೆ ವಾಪಸು ಬಂದೆ.

ಆಗ ಪಟ್ಟಿಯಲ್ಲಿ ಅವನ ಹೆಸರು ಮೂಡಿತು. ಐದರ ಬ್ಯಾಂಡು, ಪೂರ್ತಿ ಸಿಗ್ನಲ್. ಅಂದರೆ ನನ್ನ ಪಕ್ಕದಲ್ಲೇ...

"ಮಗನ, ನನಗ ಆಟ ಕಲಸ್ತೀಯೇನು? ಬಾ ಹೊರಗ."

ಶೆಡ್ಡಿನಲ್ಲಿ ದ್ರಾಕ್ಷಿಗೆ ಹೊಗೆ ಹಾಕುವ ಗಂಧಕದ ವಾಸನೆಯ ನಡುವೆ ಹಸಿ ಕೆಸರಿನ ವಾಸನೆ... ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟ ಸಪ್ಪಳ. ಟಾರ್ಚ್ ಹಾಕಿದರೆ ಬರೀ ಕಂಬ.

ಸಿಗ್ನಲ್ ಮೆಲ್ಲಗೆ ಇಳಿಯತೊಡಗಿತು. ಅದು ದೂರ ನಡೆಯುತ್ತಿತ್ತು. ಏಣಿ ಹತ್ತಿ ಆಂಟೆನಾ ಸುತ್ತ ತಿರುಗಿಸಿದೆ. ಭೂತನಾಳ ಕೆರೆಯ ಕಡೆ ಮುಖ ಮಾಡಿದಾಗ ಮತ್ತೆ ಏರಿತು. ಕೇಬಲ್ ಸುರುಳಿ ಹೆಗಲಿಗೆ ಹಾಕಿ ಆ ದಿಕ್ಕಿಗೆ ಓಡಿದೆ.

ಹುಣಸೆ ಗಿಡದಾಚೆ ಬಾವಿ. ಕೆಳಗೆ ಕುತ್ತಿಗೆಯವರೆಗೆ ನೀರಲ್ಲಿ, ಬೇರು ಹಿಡಿದು ಮಹಿಬೂಬ.

"ಗುರಸ್ಯಾ, ಎಷ್ಟೊತ್ತಿಂದ ಒದರಾಕತ್ತೇನಿ... ಕಿವುಡೇನಲೇ ನೀ?"

ಕೇಬಲ್ಲನ್ನು ಗಿಡಕ್ಕೆ ಸುತ್ತಿ ಕೆಳಗೆ ಬಿಟ್ಟು ಅವನನ್ನು ಮೇಲಕ್ಕೆ ಎಳೆದು ಹಾಕಿದೆ. ಅವನ ಕಾಲು ಉಳುಕಿತ್ತು. ಜೇಬಿನಲ್ಲಿದ್ದ ಅವನ ಫೋನು ನೀರು ಹೊಕ್ಕು ಬಿದ್ದಾಗಲೇ ಸತ್ತುಹೋಗಿತ್ತು.

"ಮತ್ತ ಕಂಬದ ಹಂತ್ಯಾಕ ಯಾಕ ಬಂದಿದ್ದಿ?"

"ಬಿದ್ದಾಂವ ಇಲ್ಲೇ ಅದೀನಿ. ಹುಚ್ಚ ಹಿಡದೈತೇನು ನಿನಗ?"

ಎರಡು ಪಾಯಿಂಟ್ ನಾಲ್ಕರ ಮೇಲೆ ಕುಂಟುತ್ತಿದ್ದ ನನ್ನ ಫೋನು ತೆರೆದೆ. ಮಹಿಬೂಬನ ಹೆಸರು... ಐದರ ಬ್ಯಾಂಡು, ಪೂರ್ತಿ ಸಿಗ್ನಲ್. ಕಂಬದ ಬುಡದಲ್ಲಿ.

ನಮ್ಮ ಗಾಡಿ ಆ ಕಂಬದ ಹತ್ತಿರವೇ ನಿಂತಿತ್ತು. ಆದರೂ ಅವನನ್ನು ಬೆನ್ನಿಗೆ ಹಾಕಿಕೊಂಡು ಹೊಲದ ದಾರಿಯಲ್ಲೇ ಊರು ಸೇರಿದೆ. ಈಗಲೂ ಅವನು ಎದುರಿಗೆ ಕುಳಿತು ಚಹಾ ಕುಡಿಯುವಾಗ ಆ ಪಟ್ಟಿ ತೆರೆಯಲು ನನಗೆ ಧೈರ್ಯವಿಲ್ಲ.