ಮಂಚದ ಕೆಳಗೆ ಎಂಬತ್ತೊಂದು ಮನೆ

ಕಣ್ಣಿನ ಹಿಂದಿನ ಪರದೆ ಕಳಚಿಕೊಂಡಿದೆ ಎಂದು ಡಾಕ್ಟರು ಹೇಳಿದಾಗ ನನಗೆ ನೋವೇನೂ ಇರಲಿಲ್ಲ. ಬಲಗಣ್ಣಿನ ಮೂಲೆಯಿಂದ ಕಪ್ಪು ನೆರಳೊಂದು ಮೆಲ್ಲಗೆ ಮೇಲೇರುತ್ತಿತ್ತು, ಅಷ್ಟೆ. ಆಪರೇಷನ್ ಮಾಡಿ ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟರು. ಆ ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ನಾನು ಮುಖ ಕೆಳಗೆ ಮಾಡಿಯೇ ಇರಬೇಕು. ಕೂತರೆ ಗದ್ದ ಎದೆಗೆ ತಾಗಿರಬೇಕು, ಮಲಗಿದರೆ ಬೋರಲು. ಹೀಗೆ ಹೇಳಿ ಮನೆಗೆ ಕಳಿಸಿದರು.

ಚಾಮರಾಜಪುರಂನ ನಮ್ಮ ಮನೆಯ ಕೋಣೆಯಲ್ಲಿ ಹಳೆಯ ಮರದ ಮಂಚವೊಂದಿದೆ. ಅದರ ಅಂಚಿಗೆ ದಿಂಬು ಜೋಡಿಸಿ, ಮಡಿಸಿದ ಟವಲಿನ ಮೇಲೆ ಹಣೆ ಊರಿಕೊಂಡರೆ ಮುಖ ಮಂಚದ ಹೊರಗೆ ಬರುತ್ತಿತ್ತು. ನನ್ನ ಪಾಲಿಗೆ ಉಳಿದ ಲೋಕವೆಂದರೆ ಕೆಂಪು ಗಾರೆಯ ನೆಲ. ಎಡಗಣ್ಣಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು. ಬಲಗಣ್ಣನ್ನು ತೆರೆದರೆ ಕೆರೆಯ ತಳದಿಂದ ನೋಡಿದ ಹಾಗೆ, ನಡುವೆ ದುಂಡನೆಯ ಒಂದು ನೀರಿನ ಚಂದ್ರ ಅಲುಗಾಡುತ್ತಿತ್ತು.

ನಮ್ಮವರಿಗೆ ಬಟ್ಟೆ ಅಂಗಡಿ, ಬೆಳಗ್ಗೆ ಹೋಗಲೇಬೇಕು. ನನ್ನನ್ನು ನೋಡಿಕೊಳ್ಳಲು ಅವರ ಅಕ್ಕ ನಜರ್‌ಬಾದಿನಿಂದ ಬಂದರು. ಅರವತ್ತು ದಾಟಿದ ಅತ್ತಿಗೆ. ಗಂಡ ಹೋದ ಮೇಲೆ ಮೈದುನನ ಸಂಸಾರದ ಜೊತೆಯಲ್ಲೇ ಇದ್ದರು. ಮಾತು ಕಡಿಮೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಆಡಿದ ಮಾತೆಲ್ಲ ಹಬ್ಬದ ಅಡುಗೆ, ಕಾಫಿಗೆ ಸಕ್ಕರೆ, ಯಾರ ಮನೆಯ ಗೃಹಪ್ರವೇಶ, ಇಷ್ಟರೊಳಗೇ ಮುಗಿಯುತ್ತಿತ್ತು. ಬೆಳಗಿನ ಶಿವಪೂಜೆ ಮುಗಿಸಿ ಅವರು ಕೋಣೆಗೆ ಬಂದರೆ ಮೊದಲು ವಿಭೂತಿಯ ವಾಸನೆ, ಆಮೇಲೆ ಎರಡು ಪಾದ, ಆಮೇಲೆ ಕಾಫಿ ಲೋಟ ಹಿಡಿದ ಕೈ. ಮುಖ ನನಗೆ ಕಾಣುತ್ತಿರಲಿಲ್ಲ.

ಪೇಪರಿನಲ್ಲಿ ಬರುವ ಸುಡೋಕು ನನಗೆ ಬಹಳ ಕಾಲದ ಚಟ. ಆಪರೇಷನ್‌ಗೆ ಮುಂಚೆ ಚಿಕ್ಕಮ್ಮನ ಮಗಳು ಫೋನಿಗೆ ಒಂದು ಬೇರೆ ಥರದ್ದನ್ನು ಕಳಿಸಿದ್ದಳು. ನಮ್ಮವರು ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿಟ್ಟಿದ್ದರು. ಆದರೆ ಪೆನ್ನು ಹಿಡಿಯಲು ನನಗೆ ಆಗುತ್ತಿರಲಿಲ್ಲ. ಬಿಳಿ ಹಾಳೆ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅತ್ತಿಗೆ ಆ ಹಾಳೆ ಕೈಗೆತ್ತಿಕೊಂಡರು.

“ಇದೇನೇ ಇದು, ಗೋಡೆನೇ ಇಲ್ಲ? ಪೇಪರ್ನಲ್ಲಿ ಬರೋದ್ರಲ್ಲಿ ದಪ್ಪ ಗೆರೆ ಇರುತ್ತಲ್ಲ?”

“ಅದೇ ಇದರ ಕಷ್ಟ ಅತ್ತಿಗೆ” ಎಂದೆ. “ಅದರಲ್ಲಿ ಮೂರು ಮೂರರ ಚೌಕ ಅವರೇ ಹಾಕಿಕೊಟ್ಟಿರ್ತಾರೆ. ಇದರಲ್ಲಿ ಆ ಗುಂಪು ಎಲ್ಲಿಂದ ಎಲ್ಲಿವರೆಗೆ ಅನ್ನೋದನ್ನೂ ನಾವೇ ಕಂಡುಹಿಡೀಬೇಕು. ಒಂಬತ್ತು ಗುಂಪು, ಒಂದೊಂದಕ್ಕೂ ಒಂಬತ್ತು ಮನೆ. ಆಕಾರ ಹೇಗೆ ಬೇಕಾದ್ರೂ ಇರಬಹುದು. ಮನೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿರಬೇಕು. ಒಂದು ಗುಂಪಲ್ಲಿ ಒಂದು ಅಂಕಿ ಎರಡು ಸಲ ಬರಂಗಿಲ್ಲ.”

ಅವರು ಎದ್ದು ಹೋದರು. ಬರುವಾಗ ರಂಗೋಲಿ ಡಬ್ಬಿ ತಂದಿದ್ದರು. ನನ್ನ ಮುಖದ ಕೆಳಗೆ, ಮಣೆ ಹಾಕಿಕೊಂಡು ಕೂತು, ಎಳೆ ಎಳೆಯಾಗಿ ಚೌಕ ಬಿಟ್ಟರು. ಅರ್ಧ ಮುಗಿಯುವಷ್ಟರಲ್ಲಿ ಫ್ಯಾನಿನ ಗಾಳಿಗೆ ಪುಡಿಯೆಲ್ಲ ಹಾರಿ ನನಗೆ ಸೀನು ಬಂತು. ಸೀನಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ಗಾಬರಿಯಾಗಿ ನನ್ನ ಮೂಗು ಹಿಡಿದುಕೊಂಡರು. ಅವರು ನನ್ನ ಮುಖ ಮುಟ್ಟಿದ್ದು ಬಹುಶಃ ಅದೇ ಮೊದಲು.

ಮಾರನೆಯ ದಿನ ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಎಂಬತ್ತೊಂದು ಮನೆ. ಹಾಳೆಯಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಕೂಗಿ ಹೇಳಿ ಬರೆದರು. ಗುಂಪುಗಳನ್ನು ಗುರುತಿಸಲು ಅಡುಗೆಮನೆಯಿಂದ ಒಂಬತ್ತು ಬಟ್ಟಲು ಬಂದವು. ತೊಗರಿಬೇಳೆ, ಹೆಸರುಕಾಳು, ಹುರುಳಿ, ಅಲಸಂದೆ, ಬಟಾಣಿ, ಹೀಗೆ. ಯಾವ ಮನೆ ಯಾವ ಗುಂಪಿಗೆ ಸೇರಿತೋ ಅದರಲ್ಲಿ ಆ ಕಾಳು; ಖಾಲಿ ಮನೆಯ ಅಂಕಿ ಗೊತ್ತಾದರೆ ಅದಕ್ಕೆ ಸೀಮೆಸುಣ್ಣ.

ಶುರುವಿನಲ್ಲಿ ನಾನು ಹೇಳುತ್ತಿದ್ದೆ, ಅವರು ಇಡುತ್ತಿದ್ದರು. ಮೇಲಿನ ಮೂಲೆಯ ಮನೆಯಲ್ಲಿ ಏಳು ಇತ್ತು. ಅದರ ಬಲಕ್ಕೂ ಐದು, ಕೆಳಕ್ಕೂ ಐದು. ನಾನು ಯೋಚಿಸುತ್ತಾ ಹಾಗೇ ಮಂಪರಿಗೆ ಜಾರಿದ್ದೆ. ಅತ್ತಿಗೆಯ ದನಿ ಕೇಳಿಸಿತು.

“ಎರಡು ಐದು ಒಂದೇ ಗುಂಪಲ್ಲಿ ಇರಕ್ಕಾಗಲ್ಲ ಅಂತ ನೀನೇ ಅಂದೆ. ಕೆಳಗಿನ ಐದರ ಗುಂಪಲ್ಲಿ ಆಗ್ಲೇ ಒಂದು ಏಳು ಇದೆ. ಹಂಗಾದ್ರೆ ಈ ಮೂಲೆ ಏಳು ಪಾಪ ಎಲ್ಲಿಗೆ ಹೋಗುತ್ತೆ? ಬಲಕ್ಕೇ ತಾನೇ?”

“ಬಲಕ್ಕೇ ಅತ್ತಿಗೆ.”

ಒಂದು ಹೆಸರುಕಾಳು ಟಕ್ಕೆಂದು ನೆಲಕ್ಕೆ ಬಿತ್ತು.

ಆ ದಿನಗಳಿಗೆ ಬೆಳಗು ಸಂಜೆಯ ಅಂಚೇ ಇರಲಿಲ್ಲ. ಬೆನ್ನ ಮೇಲೆ ಬಿಸಿಲು ಬಿದ್ದರೆ ಹಗಲು ಎಂದುಕೊಳ್ಳುತ್ತಿದ್ದೆ. ಬೀದಿಯಲ್ಲಿ ತರಕಾರಿ ಆಟೋದ ಮೈಕು ಹತ್ತಿರ ಬಂದು ದೂರವಾಗುತ್ತಿತ್ತು. ಸ್ಟೇಷನ್ ಕಡೆಯಿಂದ ರೈಲಿನ ಸಿಳ್ಳು ಬಂದಾಗ ಮಂಚ ಮೆಲ್ಲಗೆ ಚಲಿಸಿದಂತೆ ಅನ್ನಿಸುತ್ತಿತ್ತು. ನಿದ್ದೆಗೂ ಎಚ್ಚರಕ್ಕೂ ನಡುವೆ ನಾನು ಆ ಚೌಕಗಳಲ್ಲಿ ಇಳಿದು ನಡೆಯುತ್ತಿದ್ದೆ. ಹೊಸಿಲುಗಳಿದ್ದವು, ಗೋಡೆಗಳಿರಲಿಲ್ಲ. ಅಗ್ರಹಾರದ ಗಲ್ಲಿಯೊಂದನ್ನು ಹೊಕ್ಕರೆ ಮುಂದಿನ ಹೆಜ್ಜೆಗೆ ನಜರ್‌ಬಾದಿನ ಮರದ ನೆರಳು. ಅಲ್ಲೇ ಪಕ್ಕದಲ್ಲಿ, ತೀರಿಹೋದ ನಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಳೆ. ಯಾರೋ ಸೈಕಲ್ ನಿಲ್ಲಿಸಿ “ಇದು ಯಾವ ಏರಿಯಾ?” ಎಂದು ಕೇಳುತ್ತಾರೆ. “ಇನ್ನೂ ಗೊತ್ತಾಗಿಲ್ಲ” ಎನ್ನುತ್ತೇನೆ. ಅವರಿಗೂ ಅದರಲ್ಲಿ ಆಶ್ಚರ್ಯವಿಲ್ಲ.

ಅರ್ಧದಷ್ಟು ಮುಗಿದಿತ್ತು. ಅತ್ತಿಗೆ ಅಲಸಂದೆ ಎಣಿಸಿ, ಮತ್ತೊಮ್ಮೆ ಎಣಿಸಿ, “ಅಯ್ಯೋ, ಹತ್ತು ಬಂದ್ಬುಡ್ತಲ್ಲೇ!” ಎಂದರು. ಎಲ್ಲೋ ಹಿಂದೆಯೇ ತಪ್ಪಿದ್ದೆವು. ಎಲ್ಲಿ ಎಂದು ತಿಳಿಯದೆ ಎಲ್ಲವನ್ನೂ ಬಾಚಿ ತೆಗೆಯಬೇಕಾಯಿತು. ಬೆರೆತ ಕಾಳನ್ನು ಆರಿಸುವ ಗೋಜಿಗೆ ಹೋಗದೆ, ಇನ್ನಷ್ಟು ಕಾಳು ಬೆರೆಸಿ ಚೆನ್ನಾಗಿ ತೊಳೆದು ಬೇಯಿಸಿ ಹುಳಿ ಮಾಡಿಬಿಟ್ಟರು. “ಇದ್ಯಾವ ಕಾಳಿನ ಹುಳಿ?” ಎಂದು ನಮ್ಮವರು ಕೇಳಿದರೆ, “ತಪ್ಪು ಲೆಕ್ಕದ್ದು, ಉಣ್ಣು” ಎಂದರು. ಅವರು ತಮಾಷೆ ಮಾಡಬಲ್ಲರೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಎರಡನೇ ಸಲ ಕಾಳು ಜೋಡಿಸುತ್ತಿದ್ದ ಒಂದು ಮಧ್ಯಾಹ್ನ ಅವರ ಕೈ ನಿಂತಿತು.

“ಒಂದ್ ಮಾತು ಹೇಳ್ಲಾ? ನಿನ್ನ ಮುಖ ಕಾಣ್ತಿಲ್ಲ, ಅದಕ್ಕೇ ಧೈರ್ಯ.”

“ಹೇಳಿ ಅತ್ತಿಗೆ.”

“ಅಗ್ರಹಾರದಲ್ಲಿ ನನ್ನ ಜೊತೇಲಿ ಓದಿದವಳು ಒಬ್ಬಳಿದಾಳೆ. ಅವಳ ಮನೆ ಮಹಡಿ ಖಾಲಿಯಾಗಿದೆ. ಒಂದೇ ರೂಮು, ಮುಂದೆ ಚೂರು ಬಿಸಿಲು ಬೀಳುತ್ತೆ. ನಾನು ಅಲ್ಲಿಗೆ ಹೋಗ್ಬುಡ್ತೀನಿ ಕಣೇ. ಒಬ್ಬಳೇ ಇರ್ತೀನಿ.”

ತಲೆ ಎತ್ತಲು ಹೋದೆ. ಅವರ ಅಂಗೈ ನನ್ನ ಹೆಡತಲೆಯ ಮೇಲೆ ಬಂದು ಕೂತಿತು. “ಎತ್ಬೇಡ, ಎತ್ಬೇಡ. ಕಣ್ಣು ಜೋಪಾನ.”

“ಮೈದುನರ ಮನೇಲಿ ಯಾರಾದರೂ ಏನಾದರೂ ಅಂದ್ರಾ?”

“ಯಾರೂ ಏನೂ ಅಂದಿಲ್ಲ. ಚೆನ್ನಾಗೇ ನೋಡ್ಕೋತಾರೆ. ಬೆಳಗ್ಗೆ ಎದ್ದರೆ ಅವರಿಗೆ ಏನು ತಿಂಡಿ ಅಂತ ಯೋಚ್ನೆ, ಸಂಜೆ ಆದ್ರೆ ಯಾರು ಬಂದ್ರು ಯಾರು ಬರಲಿಲ್ಲ ಅಂತ. ನಂಗೇನು ತಿನ್ನಬೇಕು ಅನ್ಸುತ್ತೆ ಅಂತ್ಲೇ ನಂಗೆ ಗೊತ್ತಿಲ್ಲ. ಅದನ್ನ ನೋಡ್ಬೇಕು ಅಂತ ಆಸೆ.” ಕಾಳಿನ ಬಟ್ಟಲು ಪಕ್ಕಕ್ಕೆ ಸರಿಸಿ, “ನಿನ್ನ ಗಂಡಂಗೆ ಹೆಂಗೆ ಹೇಳೋದು?” ಎಂದರು.

“ನಾನು ಹೇಳ್ತೀನಿ” ಎಂದೆ.

ಅಂದು ಸಂಜೆ ನಮ್ಮವರಿಗೆ ಹೇಳಿದೆ. ಅವರ ಪಾದಗಳಿಗೆ ಹೇಳಿದೆ ಎನ್ನಬೇಕು, ನನಗೆ ಕಂಡದ್ದು ಅಷ್ಟೇ. ಮೊದಲು ಅವು ಅಲುಗಲಿಲ್ಲ. ಆಮೇಲೆ ಹೊರಗೆ ಹೋದವು. ಹಜಾರದಲ್ಲಿ ಅತ್ತ ಇತ್ತ ಓಡಾಡಿದ ಸದ್ದು. ಮತ್ತೆ ಬಂದು ಮಂಚದ ಬಳಿ ನಿಂತವು.

“ಅಕ್ಕಂಗೆ ನಾನಿಲ್ವಾ? ಇಲ್ಲೇ ಬಂದು ಇರಬಹುದಲ್ಲ? ಜನ ಏನಂದ್ಕೋತಾರೆ?”

ಬಾಗಿಲ ಬಳಿ ಇನ್ನೊಂದು ಜೊತೆ ಪಾದ ಬಂದಿತ್ತು. “ಇಲ್ಲಿಗೆ ಬಂದ್ರೂ ನಿಮ್ಮ ತಿಂಡಿ ಯೋಚ್ನೇನೇ ಆಗುತ್ತೆ ಕಣೋ” ಎಂದರು ಅತ್ತಿಗೆ. “ನಿನ್ನ ಮೇಲೆ ಕೋಪ ಇಲ್ಲ. ಸುಮ್ನೆ ಇರ್ಬೇಕು ಅನ್ಸಿದೆ, ಅಷ್ಟೆ.”

ನಾನೇ ಹೇಳಿದೆ: “ಅವರು ಕೇಳ್ತಿರೋದು ಒಪ್ಪಿಗೆ ಅಲ್ಲ ರೀ. ಸಾಮಾನು ಸಾಗಿಸೋಕೆ ಜನ ಕೇಳ್ತಿದಾರೆ.” ನಮ್ಮವರ ಹೆಬ್ಬೆರಳು ನೆಲವನ್ನು ಎರಡು ಸಲ ಕೆರೆಯಿತು. “ಮೆಟ್ಟಿಲು ತುಂಬಾ ಕಡಿದಾ ಅಕ್ಕ?” ಎಂದರು. ಆ ದನಿಯಲ್ಲಿ ಮುನಿಸು ಇನ್ನೂ ಇತ್ತು. ಆದರೂ ಅತ್ತಿಗೆ ಮೂಗೆಳೆದುಕೊಂಡದ್ದು ನನಗೆ ಕೇಳಿಸಿತು.

ಆ ವಾರವೇ ಸುಡೋಕು ಮುಗಿಯಿತು. ಕೊನೆಯ ಕಾಳನ್ನು ಅತ್ತಿಗೆ ನನ್ನ ಕೈಗೇ ಕೊಟ್ಟರು. ಕೈ ಇಳಿಬಿಟ್ಟು ಇಟ್ಟೆ. ಒಂಬತ್ತು ಕಾಳಿನ ಒಂಬತ್ತು ಆಕಾರಗಳು ನೆಲದ ಮೇಲೆ ಮಲಗಿದ್ದವು. ಒಂದು ಕೋಳಿಯ ಕಾಲಿನಂತೆ, ಒಂದು ಸೌಟಿನಂತೆ, ಇನ್ನೊಂದು ಯಾವುದರಂತೆಯೂ ಅಲ್ಲ. ಬಲಗಣ್ಣಿನ ನೀರಿನ ಚಂದ್ರನ ಮೂಲಕ ನೋಡಿದರೆ ಅವು ನಿಧಾನವಾಗಿ ಉಸಿರಾಡುತ್ತಿದ್ದಂತೆ ಕಂಡವು. “ಚೆನ್ನಾಗಿದೆ” ಎಂದರು ಅತ್ತಿಗೆ. “ಹೂಂ” ಎಂದೆ.

ಮುಖ ಎತ್ತಬಹುದು ಎಂದು ಡಾಕ್ಟರು ಹೇಳಿದ ಮೇಲೆ ಗುಳ್ಳೆ ದಿನದಿನಕ್ಕೆ ಇಳಿಯಿತು. ಎದ್ದು ನಿಂತರೆ ಕಣ್ಣಿನ ಕೆಳಭಾಗದಲ್ಲಿ ನೀರು ತುಳುಕಿದಂತೆ, ಅದರ ಮೇಲೆ ತಿಳಿಯಾದ ಲೋಕ. ಒಂದು ದಿನ ಅದು ಸಾಸಿವೆಯಷ್ಟಾಗಿ ಕಾಣದೇ ಹೋಯಿತು. ಬಲಗಣ್ಣಿಗೆ ಈಗಲೂ ನೇರ ಗೆರೆಗಳು ಸ್ವಲ್ಪ ಸೊಟ್ಟಗೆ ಕಾಣುತ್ತವೆ. ಅದು ಹಾಗೇ ಉಳಿಯುತ್ತದಂತೆ.

ಅತ್ತಿಗೆಯ ಸಾಮಾನಿಗೆ ಒಂದು ಆಟೋ ಸಾಕಾಯಿತು. ನಮ್ಮವರೇ ಹೊತ್ತು ಏರಿಸಿದರು, ಮೆಟ್ಟಿಲನ್ನು ಬೈದುಕೊಂಡೇ. ಆಮೇಲೊಂದು ಮಧ್ಯಾಹ್ನ ನಾನೊಬ್ಬಳೇ ಹೋದೆ. ಕಿಟಕಿಯಲ್ಲಿ ದೇವಸ್ಥಾನದ ಗಂಟೆಯ ಸದ್ದು, ಚಾಪೆಯ ಮೇಲೆ ಬಿಸಿಲು. ಮಧ್ಯಾಹ್ನದ ಊಟಕ್ಕೆ ಏನು ಮಾಡಿದಿರಿ ಎಂದರೆ, “ಏನೂ ಮಾಡ್ಲಿಲ್ಲ, ಎರಡು ಬಾಳೆಹಣ್ಣು ತಿಂದೆ, ಸಾಕು ಅನ್ನಿಸ್ತು” ಎಂದು ದೊಡ್ಡ ಸಾಹಸದಂತೆ ಹೇಳಿದರು. ಮಾತಾಡುತ್ತಾ ಆಡುತ್ತಾ ಗೋಡೆಗೆ ಒರಗಿದವರು ಹಾಗೇ ನಿದ್ದೆಹೋದರು. ಅವರ ಮುಖವನ್ನು ನಾನು ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು; ಹುಬ್ಬಿನ ನಡುವಿನ ಗಂಟು ಸಡಿಲವಾಗಿತ್ತು.

ಬಾಗಿಲು ಮುಂದಕ್ಕೆಳೆದುಕೊಂಡು ಸದ್ದಿಲ್ಲದೆ ಇಳಿದೆ. ಕೆಳಗೆ ಅವರ ಗೆಳತಿ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದರು.

“ಮಲಗಿದ್ಲಾ?”

“ಹೂಂ.”

“ಮಲಗ್ಲಿ ಬುಡಿ” ಎಂದು ಅವರು ನಾರನ್ನು ಬಾಯಲ್ಲಿ ಕಚ್ಚಿ ಎಳೆದರು.