ಕಪಾಟಿನ ಮೇಲಿನ ಜಾಯಿಂಟು

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಮೇಣ ಕರಗಿಸುತ್ತಿದ್ದೆ. ಮೇಣಕ್ಕೆ ರಬ್ಬರ್ ಟೇಪಿನ ವಾಸನೆ ಸೇರಿತೆಂದರೆ ನನ್ನ ಕಣ್ಣು ತಾನಾಗಿ ಕಪಾಟಿನ ಮೇಲಕ್ಕೆ ಹೋಗುತ್ತದೆ. ಅಲ್ಲೊಂದು ಹಳೆಯ ಕೇಬಲ್ ಸುರುಳಿ ಇದೆ, ತುದಿಯಲ್ಲಿ ಬದನೆಕಾಯಿಯಷ್ಟು ದಪ್ಪದ ಜಾಯಿಂಟು. ಗಿರಾಕಿಗಳು ಕೇಳಿದರೆ "ಮಾರೂದಲ್ರಿ ಅದು" ಎನ್ನುತ್ತೇನೆ. ಅದನ್ನು ಕೊಯ್ದು ನೋಡುವ ಧೈರ್ಯ ನನಗಿಲ್ಲ ಎಂದು ಹೇಳುವುದಿಲ್ಲ.

ಮೋಟಾರು ರಿಪೇರಿ ನನ್ನ ಎರಡನೆಯ ಕಸುಬು. ಮೊದಲನೆಯದು ಚಿಂತೆ. ಮನೆಗೆ ಬೀಗ ಹಾಕಿ ಹೊರಟವನು ಊರ ಅಗಸಿ ಬಾಗಿಲಿನಿಂದ ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ನೀವು ನಗಬಹುದು. ಆದರೆ ನೀರಿಗಿಳಿಯುವ ಕೇಬಲ್ ಜೋಡಿಸಲು ಇಂಥವನೇ ಬೇಕು. ನೀರು ಹೊರಗಿನಿಂದಷ್ಟೇ ನುಗ್ಗುವುದಿಲ್ಲ. ತಂತಿಯ ಸಿಪ್ಪೆಯೊಳಗೇ, ಬತ್ತಿಗೆ ಎಣ್ಣೆ ಏರಿದ ಹಾಗೆ, ಸದ್ದಿಲ್ಲದೆ ಏರುತ್ತದೆ.

ನಿಂಗಪ್ಪ ನನ್ನ ಬಾಲ್ಯದ ಗೆಳೆಯ. ದೇವಿಕೊಪ್ಪದ ಕಡೆಯ ಕೆರೆಯಲ್ಲಿ ರೈತರ ಪಂಪಿನ ಕೊಳವೆಗೆ ಪಾಚಿ ಕಟ್ಟಿದರೆ ಮುಳುಗಿ ಬಿಡಿಸಿಕೊಡುತ್ತಿದ್ದ. ಮುಳುಗಿ ಮುಳುಗಿ ಎಡಗಿವಿ ಹೋಯಿತು. ಇನ್ನೊಮ್ಮೆ ಆಳಕ್ಕಿಳಿದರೆ ಬಲಗಿವಿಯೂ ಹೋಗುತ್ತದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಅವನೋ ಭಜನೆಯಲ್ಲಿ ಹಾಡುವವನು. ತಬಲಾದ ಕಡೆ ಆ ಒಂದು ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೂಡುತ್ತಿದ್ದ. ಅದನ್ನು ಉಳಿಸಲೆಂದೇ ನಾನು ಯಂತ್ರ ಕಟ್ಟಿದ್ದು. ಪೈಪಿನ ಚೌಕಟ್ಟು, ಸಣ್ಣ ಮೋಟಾರುಗಳು, ಕ್ಯಾಮೆರಾ, ಪಾಚಿ ಎಳೆಯಲು ಕೊಕ್ಕೆ. ಯಂತ್ರ ಮುಳುಗಲಿ, ಅವನು ದಂಡೆಯಲ್ಲಿ ಟಿವಿ ನೋಡುತ್ತ ಕೂಡಲಿ ಎಂದು.

ಯಂತ್ರಕ್ಕೆ ಹೋಗುವ ಕೇಬಲ್ಲಿನ ಜಾಯಿಂಟಿಗೆ ಬೆಸುಗೆ ಹಾಕಿದೆ, ಮೇಣ ತುಂಬಿದೆ, ಟೇಪು ಜಗ್ಗಿ ಸುತ್ತಿದೆ, ಅಂಟು ಬಳಿದೆ, ಮತ್ತೆ ಸುತ್ತಿದೆ.

"ಲೇ, ಜಾಯಿಂಟ್ ಮಾಡಾಕತ್ತೀಯೋ, ಕೂಸಿಗೆ ಕುಂಚಿಗಿ ಕಟ್ಟಾಕತ್ತೀಯೋ?" ಎಂದ ನಿಂಗಪ್ಪ.

"ನೀರು ಹೊಕ್ಕರ?"

"ಹೊಕ್ಕರ ಹೊಕ್ಕಲಿ. ಅದಕ್ಕೂ ಎಲ್ಲೆರೆ ಜಾಗಾ ಬೇಕಲ್ಲೋ ಯಪ್ಪಾ!"

ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು ಪರೀಕ್ಷಿಸಿದೆ. ಸರಿ ಇತ್ತು. ಸಮಾಧಾನವಾಗಲಿಲ್ಲ. ನನಗೆ ಆಗುವುದೇ ಇಲ್ಲ.

ಕೆರೆಗಿಳಿಸಿದ ದಿನ ಟಿವಿಯಲ್ಲಿ ಹಸಿರು ಮಬ್ಬು, ಒಂದು ಮೀನು, ಕೊಳವೆಯ ಬಾಯಿ ಎಲ್ಲ ಕಂಡವು. ನಿಂಗಪ್ಪ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಜಗ್ಗಿದರೆ ಕೇಬಲ್ ಬರಲೊಲ್ಲದು. ತಳದ ಜಾಲಿಗಿಡಕ್ಕೆ ಸಿಕ್ಕಿತ್ತು. ಜಗತ್ತಿನ ಎಲ್ಲದಕ್ಕೂ ಚಿಂತಿಸಿದವನು ಜಾಲಿಮುಳ್ಳೊಂದನ್ನು ಮರೆತಿದ್ದೆ. ಆಗಲೂ ಅದು ಹೊಳೆಯಲಿಲ್ಲ. "ನೀರು ಹೊಕ್ಕತು, ನನ್ನ ಜಾಯಿಂಟಿನ್ಯಾಗ ನೀರು ಹೊಕ್ಕತು" ಎಂದು ಬಡಬಡಿಸುತ್ತಿದ್ದೆ. ತಿರುಗಿ ನೋಡಿದರೆ ನಿಂಗಪ್ಪ ಅಂಗಿ ಕಳೆದು ದಂಡೆಯ ಅಂಚಿನಲ್ಲಿದ್ದ.

"ಬ್ಯಾಡೋ! ಹಾಳಾಗಿ ಹೋಗ್ಲಿ, ಬಿಡೋ!"

ನಾನು ಕೂಗುವಷ್ಟರಲ್ಲಿ ಮುಳುಗಿದವನು, ಯಂತ್ರವನ್ನು ತಲೆಯ ಮೇಲೆ ಹೊತ್ತು, ನಗುತ್ತ ಎದ್ದು ಬಂದ. ಬಲಗಿವಿಯಿಂದ ನೆತ್ತರು ಸಣ್ಣಗೆ ಇಳಿಯುತ್ತಿತ್ತು. ನಾನು ಕೂಗಿ ಬೈದದ್ದು ಅವನಿಗೆ ಕೇಳಿಸಲಿಲ್ಲ. ಆಮೇಲೆ ಏನೂ ಕೇಳಿಸಲಿಲ್ಲ.

ಈಗಲೂ ಭಜನೆಗೆ ಹೋಗುತ್ತಾನೆ. ತಾಳಕ್ಕಿಂತ ತುಸು ಹಿಂದೆ ಹಾಡುತ್ತಾನೆ. ಯಾರೂ ಹೇಳುವುದಿಲ್ಲ, ತಬಲಾದವನೇ ನಿಧಾನ ಮಾಡುತ್ತಾನೆ.

ಜಾಯಿಂಟನ್ನು ಮಾತ್ರ ನಾನು ಬಿಚ್ಚಲಿಲ್ಲ. ಒಳಗೆ ಹಸಿ ಇದ್ದರೆ ಅವನ ಕಿವಿ ಹೋದದ್ದು ನನ್ನ ಕೈಯಿಂದ.

ಇವತ್ತು ನಾನು ಕಪಾಟು ನೋಡುವುದನ್ನು ಬೆಂಚಿನ ಮೇಲೆ ಕೂತಿದ್ದ ನಿಂಗಪ್ಪ ನೋಡಿದ. ಎದ್ದು ಸುರುಳಿ ಇಳಿಸಿ, ನನ್ನ ಮುಂದಿಟ್ಟು, ಚಾಕು ಕೊಟ್ಟ.

"ಕೊಯ್ಯಿ, ಲೇ!" ಕಿವುಡರ ದನಿ. ಬೀದಿಯೇ ತಿರುಗಿ ನೋಡಿತು.

ಕೊಯ್ದೆ. ಮೇಣದ ನಡುವೆ ತಾಮ್ರ ಹೊಚ್ಚಹೊಸದಾಗಿ ಹೊಳೆಯಿತು. ತಂತಿ ತುಂಡಾದದ್ದು ಅದರಾಚೆ, ಮುಳ್ಳು ಜಗ್ಗಿದಲ್ಲಿ, ಸಿಪ್ಪೆಯೊಳಗೆ.

"ಒಣಾ ಐತಿ," ಎಂದೆ, ಅವನಿಗೆ ಕಾಣುವಂತೆ ತುಟಿ ಅಗಲಿಸಿ.

"ಗೊತ್ತಿತ್ತು ನನಗ. ಇಲ್ಲಾಂದ್ರ ಯಾಕ ಮುಳಗತಿದ್ದೆ? ನೀರು ಹೊಕ್ಕತು, ನೀರು ಹೊಕ್ಕತು ಅಂತ ನೀ ಸಾಯೂತನಾ ಕೊರಗಾಂವ. ತೋರಸೂಣು ಅಂತ ತಂದುಕೊಟ್ರ, ಮ್ಯಾಲ ಇಟಗೊಂಡು ಕುಂತಿ, ಹುಚ್ಚಪ್ಯಾಲಿ!"

ಒಲೆಯ ಮೇಲೆ ಮೇಣ ಹೊಗೆಯಾಡತೊಡಗಿತು. ಇಳಿಸಲು ನನಗೆ ನೆನಪಾಗಲಿಲ್ಲ.

ಸಂಜೆ ಭಜನೆಗೆ ನಾನೂ ಹೋದೆ. ಅವನ ಬಾಜು ಕೂತು, ತಬಲಾ ಕೇಳುತ್ತ, ಅವನ ತೊಡೆಯ ಮೇಲೆ ಬೆರಳಿನಿಂದ ತಾಳ ಬಡಿದೆ. ಮೊದಲು ನನ್ನ ಕೈ ಝಾಡಿಸಿದ. ಆಮೇಲೆ ಕಣ್ಣು ಮುಚ್ಚಿದ. ದನಿ ತಾಳಕ್ಕೆ ಬಂದು ಕೂಡಿತು. ಹಾಡು ಮುಗಿದ ಮೇಲೂ ಕೈ ತೆಗೆಯಲು ನನಗೆ ಧೈರ್ಯವಾಗಲಿಲ್ಲ.