ದೇವಕ್ಕ ಶಾಲೆಗೆ ಹೋದದ್ದು

ದೊಡವಾಡದ ದೇವಕ್ಕ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಕಾಡಿದ್ದಕ್ಕೆ ಹೆಸರನ್ನು ಒಡಪಿನ ಪದದಲ್ಲಿ ಕಟ್ಟಿ ಒಂದು ಸಲ ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಬಾಳುವೆಯೆಲ್ಲ 'ಇವರು' ಎಂದೇ ನಡೆಯಿತು. ಹೋದ ಮೇಲೆ 'ಅವರು' ಆದರು.

ಹುಟ್ಟಿದ್ದು ಸಿರಸಂಗಿ. ಓದಿದ್ದು ನಾಲ್ಕನೇ ಇಯತ್ತೆ. ಐದಕ್ಕೆ ಹೋಗಬೇಕು ಅನ್ನುವಾಗ ಮನೆಯ ಎಮ್ಮೆ ಈಯಿತು, ನೋಡಿಕೊಳ್ಳಲು ಇವಳು ನಿಂತಳು. ಅಂದಿನಿಂದ ಎಮ್ಮೆ ಇವಳನ್ನು ಬಿಟ್ಟಿಲ್ಲ, ಇವಳು ಎಮ್ಮೆಯನ್ನು ಬಿಟ್ಟಿಲ್ಲ. ದೊಡವಾಡಕ್ಕೆ ಬಂದ ಮೇಲೂ ಹಾಲಿನ ಕ್ಯಾನು ಕೈಯಲ್ಲಿ ಇದ್ದೇ ಇದೆ.

ಗಂಡ ವಿರೂಪಾಕ್ಷ ಎತ್ತು ಮಾರಿ ಟ್ರ್ಯಾಕ್ಟರ್ ತಂದವನು. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುತ್ತಿದ್ದ. ಹೋದ ವರ್ಷ ಕಾರ್ಖಾನೆಯ ಹೊರಗೆ ಪಾಳಿ ಹಚ್ಚಿ ಸೀಟಿನ ಮೇಲೆ ಕೂತವನು ಎದೆ ಹಿಡಿದುಕೊಂಡು ಕೂತಲ್ಲೇ ಹೋದ. ಬಳೆ ತೆಗೆಸಲು ಬಂದ ಹೆಂಗಸರನ್ನು ಅತ್ತೆ ಗುರುಬಸವ್ವ ಒಳಗೆ ಬಿಡಲಿಲ್ಲ. ಹೋದವನು ನನ್ನ ಮಗ, ಇವಳ ಕೈ ಬರಿದು ಮಾಡಿ ನಾನೇನು ನೋಡಲಿ ಎಂದಳು. ಹಾಗಾಗಿ ದೇವಕ್ಕನ ಕೈಯಲ್ಲಿ ಹಸಿರು ಬಳೆ ಉಳಿದವು. ಗಂಡನ ಫೋನೂ ಉಳಿಯಿತು.

ಉಳಿಯದ್ದು ಮಗಳು ಸಪ್ನಾಳ ಮಾತು. ಹತ್ತನೇ ಇಯತ್ತೆಯ ಹುಡುಗಿ. ಅಪ್ಪ ಹೋದ ಮೇಲೆ ಮನೆಯಲ್ಲಿ ಹೂಂ ಅನ್ನುವಳು, ಶಾಲೆಯಲ್ಲಿ ಅದೂ ಇಲ್ಲ. ಹೋದವರು ಬರುವುದಿಲ್ಲ, ಅದು ದೇವಕ್ಕನಿಗೆ ಗೊತ್ತು. ಮಗಳ ಮಾತಾದರೂ ತಿರುಗಿ ಬರಬೇಕಲ್ಲ, ಅದೇ ಅವಳ ಚಿಂತೆ.

ಈ ವರ್ಷ ರಾಮದುರ್ಗದಿಂದ ವರ್ಗವಾಗಿ ಬಂದ ಶಿಕ್ಷಕಿ ಶೈಲಶ್ರೀ ಅಕ್ಕೋರ ಪದ್ಧತಿಯೇ ಬೇರೆ. ಪಾಠ ಸಂಜೆ ಫೋನಿಗೆ ಬರುತ್ತಿತ್ತು, ಮಕ್ಕಳು ಮನೆಯಲ್ಲಿ ನೋಡಬೇಕು. ಪಾಠದ ಕೆಳಗೆ ಒಂದು ಪ್ರಶ್ನೆ. ತರಗತಿಯ ಗ್ರೂಪಿನಲ್ಲಿ ಬರೆದೋ ಮಾತಾಡಿಯೋ ಉತ್ತರ ಹಾಕಬೇಕು, ಬೇರೆಯವರ ಉತ್ತರಕ್ಕೆ ಎದುರುತ್ತರವನ್ನೂ ಕೊಡಬೇಕು. ಫೋನಿಲ್ಲದವರು ಇದ್ದವರ ಮನೆಯ ಕಟ್ಟೆಗೆ ಹೋಗಬೇಕು. ಮರುದಿನ ತರಗತಿಯಲ್ಲಿ ಬರೀ ವಾದ. ಒಂದು ವಾದದವರು ಕಿಟಕಿಯ ಕಡೆ, ಇನ್ನೊಂದು ವಾದದವರು ಬಾಗಿಲ ಕಡೆ. ಎದುರಿನವರ ಮಾತು ಸರಿ ಕಂಡರೆ ದಾಟಿ ಹೋಗಬಹುದು. ದಾಟಿದವರನ್ನು ನೋಡಿ ನಗುವಂತಿಲ್ಲ.

ಸಪ್ನಾ ಗ್ರೂಪಿನಲ್ಲಿ ಬರೆಯತೊಡಗಿದಳು. ಬಾಯಿ ಆಡದಿದ್ದರೂ ಬೆರಳು ಆಡಿತು. ದೇವಕ್ಕನಿಗೆ ಅಷ್ಟೇ ಸಾಕಾಗಿತ್ತು.

ಒಂದು ಸಂಜೆ, ಒಕ್ಕಲುತನಕ್ಕೆ ಎತ್ತು ಮೇಲೋ ಟ್ರ್ಯಾಕ್ಟರ್ ಮೇಲೋ ಎಂಬ ಪ್ರಶ್ನೆ ಬಂತು. ಸಪ್ನಾ ಬರೆದಳು: ಟ್ರ್ಯಾಕ್ಟರ್ ಕೆಲಸ ಬೇಗ ಮುಗಿಸುತ್ತದೆ. ಆದರೆ ಹೊಡೆಯುವವನು ಇಲ್ಲದಿದ್ದರೆ ನಿಂತಲ್ಲೇ ನಿಲ್ಲುತ್ತದೆ. ಗಾಡಿಯಲ್ಲಿ ಯಜಮಾನ ಒರಗಿ ಬಿದ್ದರೂ ಎತ್ತು ತಾನೇ ದಾರಿ ಹಿಡಿದು ಮನೆ ಮುಟ್ಟಿಸುತ್ತದೆ.

ಫೋನು ಅಪ್ಪನದು. ಉತ್ತರದ ಮೇಲೆ ವಿರೂಪಾಕ್ಷ ಎಂಬ ಹೆಸರು, ಪಕ್ಕದಲ್ಲಿ ತಲೆಗೆ ಪಟಕಾ ಸುತ್ತಿಕೊಂಡು ಟ್ರ್ಯಾಕ್ಟರ್ ಮೇಲೆ ಕೂತ ಅವನ ಫೋಟೋ. ಇದು ಹುಡುಗಿಯ ಮಾತಲ್ಲ, ಅಪ್ಪನೇ ಬರೆದಿದ್ದಾನೆ ಎಂದುಕೊಂಡರು ಅಕ್ಕೋರು. ವಿರೂಪಾಕ್ಷ ಅವರು ಮಗಳ ಉತ್ತರ ಬರೆಯಬಾರದು, ಇನ್ನು ಮೇಲೆ ಸಪ್ನಾ ತನ್ನ ದನಿಯಲ್ಲೇ ಹೇಳಬೇಕು, ಇಲ್ಲದಿದ್ದರೆ ಈ ಫೋನಿನ ಉತ್ತರ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಗ್ರೂಪಿನಲ್ಲೇ ಹಾಕಿದರು. ಮರುದಿನ ತರಗತಿಯಲ್ಲೂ, ಅಪ್ಪ ಬರೆದದ್ದೇ ಎಂದು ಕೇಳಿದರು. ಸಪ್ನಾ ತಲೆ ಎತ್ತಲಿಲ್ಲ. ಅಪ್ಪ ಇಲ್ಲವೆಂದು ಇಡೀ ತರಗತಿಗೆ ಗೊತ್ತಿತ್ತು, ಆದರೆ ಅವಳ ಎದುರಿಗೆ ಆ ಮಾತು ಆಡುವವರು ಯಾರೂ ಇರಲಿಲ್ಲ. ತುಂಟತನಕ್ಕೆ ಹೆಸರಾದ, ಟ್ರ್ಯಾಕ್ಟರ್ ಪರ ವಾದಿಸುತ್ತಿದ್ದ ನಿಂಗರಾಜನೂ ನೆಲ ನೋಡುತ್ತ ಕೂತಿದ್ದ.

ಮನೆಗೆ ಬಂದು ಸಪ್ನಾ, ಗ್ರೂಪು ಬಿಡುತ್ತೇನೆ ಎಂದಳು. ಬರೆಯುವುದೂ ಬೇಡ ಎಂದಳು.

ದೇವಕ್ಕ ಮರುದಿನ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದೇ ಶಾಲೆಗೆ ಹೋದಳು. ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಇಷ್ಟು ಹೆದರಿ ಶಾಲೆಯ ಮೆಟ್ಟಿಲು ಹತ್ತಿದ್ದು ಅಂದೇ. ಅಕ್ಕೋರು ಕುರ್ಚಿ ಕೊಟ್ಟರು. ಹಸಿರು ಬಳೆ ನೋಡಿದರು.

"ಯಜಮಾನ್ರನ್ನ ಕಳಸ್ರಿ ಅಮ್ಮಾರ. ಅವರ ಕೂಡನ ಮಾತಾಡತೇನಿ."

"ಅವರು ಬರೂದಿಲ್ರಿ."

"ಯಾಕ್ರಿ, ಊರಾಗ ಇಲ್ಲೇನು?"

"ಊರಾಗ ಅದಾರ್ರಿ. ನಮ್ಮ ಹೊಲದಾಗ, ಬೇವಿನ ಗಿಡದ ಬುಡಕ. ಮಣ್ಣ ಕೊಟ್ಟು ವರ್ಷ ಆತ್ರಿ."

ಅಕ್ಕೋರು ಎದ್ದು ನೀರು ತಂದುಕೊಟ್ಟರು. ತಪ್ಪಾಯಿತು ಎಂದರು. ಫೋನಿನಲ್ಲಿ ಸಪ್ನಾಳ ಹೆಸರು ಹಾಕಿಕೊಡುತ್ತೇನೆ, ದನಿ ಹಾಕಬೇಕು ಎಂಬ ಮಾತನ್ನೂ ಅವಳ ಮಟ್ಟಿಗೆ ಬಿಟ್ಟುಬಿಡುತ್ತೇನೆ ಎಂದರು.

ದೇವಕ್ಕ ನೀರು ಕುಡಿದು ಲೋಟ ಕೆಳಗಿಟ್ಟಳು.

"ಹೆಸರು ಇರಲ್ರಿ. ನಾ ಅಂತೂ ಬಾಯಲೆ ಅಂದಿಲ್ಲ, ಅಲ್ಲೆರ ಇರಲಿ. ಆದ್ರ ದನಿ ಬಿಡಬ್ಯಾಡ್ರಿ ಅಕ್ಕಾರ. ಎಲ್ಲಾರೂ ಪಾಪ ಪಾಪ ಅಂತ ಬಿಟ್ಟ ಬಿಟ್ಟ ನಮ್ಮ ಹುಡುಗಿ ಮೂಕಿ ಆಗಾಕ ಹತ್ತ್ಯಾಳ. ನೀವರ ಬೈದು ಮಾತಾಡಸ್ರಿ."

ಅಕ್ಕೋರು ಹೂಂ ಎಂದರು. ಬೈಯುವುದಿಲ್ಲ, ಆದರೆ ಬಿಡುವುದೂ ಇಲ್ಲ ಎಂದರು.

ಅಂದು ಮಧ್ಯಾಹ್ನ ಗ್ರೂಪಿನಲ್ಲಿ, ಉತ್ತರ ಸಪ್ನಾಳದೇ, ನಾನು ತಪ್ಪು ತಿಳಿದಿದ್ದೆ, ಅದನ್ನು ಅವಳ ಬಾಯಿಂದ ಕೇಳಬೇಕು ಎಂದು ಬಂತು.

ಸಂಜೆ ಸಪ್ನಾ ಕೊಟ್ಟಿಗೆಗೆ ಬಂದು, ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಅಂಚಿಗೆ ಕೂತಳು. ಫೋನಿನಲ್ಲಿ ದನಿ ಹಾಕುವ ಗುಂಡಿ ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು. ದೇವಕ್ಕ ಎಮ್ಮೆಯ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತು ಕರೆಯತೊಡಗಿದಳು. ಚರ್ ಚರ್ ಎಂದು ಹಾಲು ತಂಬಿಗೆಗೆ ಬೀಳುವ ಸಪ್ಪಳದಲ್ಲಿ ಮಗಳ ದನಿ ಕೇಳಿತು. ಸಣ್ಣಗಿತ್ತು, ಆದರೆ ತಡೆಯಲಿಲ್ಲ. ಟ್ರ್ಯಾಕ್ಟರ್ ನಿಂತಲ್ಲೇ ನಿಂತ ಮಾತಿಗೆ ಬಂದಳು. ಎತ್ತು ಮನೆ ಮುಟ್ಟಿಸುವ ಮಾತಿಗೆ ಬಂದಳು. ಅಷ್ಟರಲ್ಲಿ ಎಮ್ಮೆ ಕತ್ತು ಚಾಚಿ ದೊಡ್ಡದಾಗಿ ಒದರಿತು. ಬೆರಳು ಬಿಟ್ಟುಹೋಗಿ ಎಮ್ಮೆಯ ದನಿಯ ಸಮೇತ ಉತ್ತರ ಹೊರಟುಹೋಯಿತು.

ಸಪ್ನಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಫೋನು ಟಣ್ ಎಂದಿತು. ನಿಂಗರಾಜನ ದನಿ.

"ಸಪ್ನಾ, ಎಮ್ಮಿ ಯಾ ಕಡೆ? ಕಿಟಕಿ ಕಡೆನೋ, ಬಾಗಲ ಕಡೆನೋ?"

ದೇವಕ್ಕನ ಕೈ ನಿಂತಿತು. ಹುಡುಗಿ ಅತ್ತುಬಿಡುತ್ತಾಳೇನೋ ಅಂದುಕೊಂಡಳು. ಸಪ್ನಾ ಅಳಲಿಲ್ಲ. ಯಾರೂ ಹೇಳದೆ ಗುಂಡಿ ಒತ್ತಿದಳು.

"ಎಮ್ಮಿ ನಮ್ಮ ಕಡೆ ಐತೋ. ನೀ ನಿಮ್ಮ ಟ್ರ್ಯಾಕ್ಟರ್ ಹಾಲ ಕರಕೊಂಡು ಚಾ ಕಾಸಿಕೋ, ಹೋಗ್."

ಒಳಗಿನಿಂದ ಗುರುಬಸವ್ವ, ಅದು ಯಾರು ಅಷ್ಟು ಜೋರು ಮಾತಾಡುವುದು ಎಂದು ಕೇಳಿದಳು. ದೇವಕ್ಕ ಎಮ್ಮೆಯ ಮೈಗೆ ಹಣೆ ಹಚ್ಚಿ ಕರೆಯುತ್ತಲೇ ಇದ್ದಳು. ತಂಬಿಗೆ ತುಂಬಿ ನೊರೆ ಹೊರಗೆ ಬಂದಿತ್ತು.